ಡೀಸೆಲ್ ಲಾರಿಯ ಹೊಗೆಕೊಳವೆ: ಸುಧಾರಣೆ ಮತ್ತು ತಪಾಸಣೆ

ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಮಾರ್ಗವಾಗಿ ಬೆಂಗಳೂರನ್ನು ತಲುಪುವ ಹೆದ್ದಾರಿಯು ದೇಶದ ಪ್ರಮುಖ ಸರಕು ಸಾಗಾಣಿಕೆಯ ಮಾರ್ಗಗಳಲ್ಲೊಂದು. ಭಾರ ಹೊತ್ತ ಹಳೆಯ ಲಾರಿಯೊಂದು ಈ ಮಾರ್ಗದ ಖಂಬಾಟಕಿ ಘಾಟಿಯನ್ನು ಏರುವಾಗ ಕಪ್ಪು ಹೊಗೆಯನ್ನು ಉಗುಳುವುದನ್ನು ಪ್ರಯಾಣಿಕರು ಕಂಡಿರಬಹುದು. ಈ ಹೊಗೆಯಿಂದ ಹಿಂದೆ ಬರುವವರಿಗೆ ತೊಂದರೆಯಾಗುವಂತೆಯೇ ಲಾರಿಯ ಮಾಲೀಕನಿಗೂ ನಷ್ಟವಿದೆ. ಏಕೆಂದರೆ ಕಪ್ಪು ಹೊಗೆಯೆಂದರೆ ಹಣ ಕೊಟ್ಟು ಕೊಂಡ, ಆದರೆ ಪೂರ್ಣವಾಗಿ ಉರಿಯದೆ ಹೋದ ಡೀಸೆಲ್.

ಇಂತಹ ಸಂದರ್ಭದಲ್ಲಿ "ಸೈಲೆನ್ಸರ್ ಬದಲಿಸಿ, ದಪ್ಪ ಕೊಳವೆ ಹಾಕಿಸಿ, ಎಳೆತವೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ" ಎಂಬ ಸಲಹೆ ಮಾಲೀಕನಿಗೆ ದೊರೆಯುವುದುಂಟು. ಈ ಸಲಹೆಯಲ್ಲಿ ಎಷ್ಟು ಹುರುಳಿದೆ? ಹಾಗೆ ಬದಲಿಸಿದ ವಾಹನವು ಮಾಲಿನ್ಯ ತಪಾಸಣೆಯಲ್ಲಿ ಉತ್ತೀರ್ಣವಾಗುವುದೆ? ಈ ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲಾಗಿದೆ.

ಅನುಮೋದನೆ ಯಾವುದಕ್ಕೆ?

ಪುಣೆಯ ಕೋಥ್ರೂಡ್ ಬಳಿಯ ವೇತಾಳ ಗುಡ್ಡದಲ್ಲಿರುವ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಸಂಸ್ಥೆಯು 1966ರಲ್ಲಿ ಸ್ಥಾಪನೆಗೊಂಡಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದನ್ವಯ ವಾಹನಗಳ ಮಾದರಿಗಳನ್ನು ಪರೀಕ್ಷಿಸಲು ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಇದೂ ಒಂದು. ಹೊಸ ಮಾದರಿಯೊಂದು ಮಾರುಕಟ್ಟೆಗೆ ಬರುವ ಮುನ್ನ ಇಂತಹ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಅದರ ಎಂಜಿನ್ ಹೊರಸೂಸುವ ಇಂಗಾಲದ ಮಾನಾಕ್ಸೈಡ್, ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡುಗಳು ಹಾಗೂ ಸೂಕ್ಷ್ಮ ಕಣಗಳನ್ನು ಅಳೆಯಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಇಂಧನ ಪಂಪು, ಇಂಜೆಕ್ಟರು, ಟರ್ಬೊ, ಹೊಗೆಕೊಳವೆ, ಸೈಲೆನ್ಸರು ಇವೆಲ್ಲವೂ ಕೂಡಿದ ಒಂದು ವ್ಯವಸ್ಥೆಗೆ ಅನುಮೋದನೆ ದೊರೆಯುತ್ತದೆಯೇ ಹೊರತು ಬಿಡಿ ಭಾಗಗಳಿಗಲ್ಲ. ಆದುದರಿಂದ ಹೊಗೆಕೊಳವೆಯನ್ನು ಮನಬಂದಂತೆ ಬದಲಿಸುವುದೆಂದರೆ ಪರೀಕ್ಷೆಗೆ ಒಳಪಡದ ಬೇರೊಂದು ವಾಹನವನ್ನೇ ನಿರ್ಮಿಸಿದಂತಾಗುತ್ತದೆ.

ಹೊಗೆಯ ಮೂಲ

ಹೊಗೆಯು ಕೊಳವೆಯಲ್ಲಿ ಕಾಣಿಸಿಕೊಂಡರೂ ಅದು ಹುಟ್ಟುವುದು ಎಂಜಿನ್ನಿನೊಳಗೆ. ಹೊಗೆಯ ಬಣ್ಣವೇ ದೋಷದ ಸ್ವರೂಪವನ್ನು ಸೂಚಿಸುತ್ತದೆ. ಇಂಧನಕ್ಕೆ ಸಾಕಷ್ಟು ಗಾಳಿ ಒದಗದಿದ್ದರೆ ಹೊಗೆ ಕಪ್ಪಾಗುತ್ತದೆ. ಕಟ್ಟಿಕೊಂಡ ಏರ್ ಫಿಲ್ಟರ್, ಸವೆದ ಇಂಜೆಕ್ಟರ್, ಸೋರುವ ಟರ್ಬೊ ಕೊಳವೆ ಇದಕ್ಕೆ ಸಾಮಾನ್ಯ ಕಾರಣಗಳು. ಎಂಜಿನ್ ಎಣ್ಣೆ ಉರಿಯುತ್ತಿದ್ದರೆ ಹೊಗೆ ನೀಲಿಯಾಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಇಂಧನ ಸಿಂಪಡಣೆಯ ಸಮಯ ತಪ್ಪಿದೆ ಅಥವಾ ದಹನ ಕೋಷ್ಠಕ್ಕೆ ನೀರು ಸೇರುತ್ತಿದೆ ಎಂದು ಶಂಕಿಸಬೇಕು.

ದಪ್ಪ ಕೊಳವೆಯಿಂದ ಅನಿಲಗಳ ಹೊರಹರಿವಿಗೆ ಇರುವ ತಡೆ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಅದರಿಂದ ದೊರೆಯುವ ಲಾಭ ಅತ್ಯಲ್ಪ. ನಿರೀಕ್ಷಿಸಿದ ಎಳೆತ ದೊರೆಯದಿದ್ದಾಗ ಪಂಪಿನ ತಿರುಪನ್ನು ತಿರುಗಿಸಿ ಹೆಚ್ಚು ಡೀಸೆಲ್ ಹರಿಸುವ ಪದ್ಧತಿ ಹಳೆಯ ವಾಹನಗಳಲ್ಲಿ ಕಂಡುಬರುತ್ತದೆ. ಆಗ ಶಕ್ತಿಯೊಡನೆ ಹೊಗೆಯೂ, ಇಂಧನದ ವೆಚ್ಚವೂ ಏರುತ್ತವೆ. ಅಲ್ಲದೆ ಕೆಲವು ಎಂಜಿನ್ನುಗಳಲ್ಲಿ ಹೊಗೆಯ ಒಂದು ಭಾಗವನ್ನು ಮರಳಿ ದಹನಕ್ಕೆ ಕಳುಹಿಸುವ ವ್ಯವಸ್ಥೆ ಇರುತ್ತದೆ. ಕೊಳವೆಯೊಳಗಿನ ಒತ್ತಡ ಬದಲಾದರೆ ಈ ವ್ಯವಸ್ಥೆಯೂ ಏರುಪೇರಾಗುತ್ತದೆ.

ತಪಾಸಣೆಯ ವಿಧಾನ

ಮಾಲಿನ್ಯ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ವಾಹನದ ಹೊಗೆಯ ಸಾಂದ್ರತೆಯನ್ನು ಅಳೆಯಲಾಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಬಳಿಕ, ಗೇರನ್ನು ತಟಸ್ಥ ಸ್ಥಿತಿಯಲ್ಲಿಟ್ಟು, ಆಕ್ಸಿಲರೇಟರನ್ನು ಒಮ್ಮೆಗೇ ಪೂರ್ತಿ ಒತ್ತಿ ಗರಿಷ್ಠ ವೇಗಕ್ಕೆ ಕೊಂಡೊಯ್ಯಲಾಗುತ್ತದೆ. ಹೀಗೆ ಹಲವು ಬಾರಿ ಮಾಡಿ ಸರಾಸರಿಯನ್ನು ದಾಖಲಿಸಲಾಗುತ್ತದೆ. ಹೊಗೆಯ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ತಡೆಯಲ್ಪಟ್ಟಿತು ಎಂಬುದನ್ನು ಯಂತ್ರವು ತಿಳಿಸುತ್ತದೆ.

115ನೆಯ ನಿಯಮದ ಪ್ರಕಾರ ಬಿಎಸ್-4ಕ್ಕೂ ಹಿಂದಿನ ವಾಹನಗಳಿಗೆ ಬೆಳಕು ಹೀರುವಿಕೆಯ ಮಿತಿ ಮೀಟರಿಗೆ 2.45, ಬಿಎಸ್-4 ವಾಹನಗಳಿಗೆ 1.62, ಬಿಎಸ್-6 ವಾಹನಗಳಿಗೆ 0.7. ಸರಳವಾಗಿ ಹೇಳುವುದಾದರೆ, 43 ಸೆಂಟಿಮೀಟರ್ ಉದ್ದದ ಹೊಗೆಯ ಕಂಬದಲ್ಲಿ ಹಾಯ್ದ ಬೆಳಕಿನ ಪೈಕಿ ಕ್ರಮವಾಗಿ ಶೇಕಡಾ 65, 50 ಮತ್ತು 26ರಷ್ಟು ತಡೆಯಲ್ಪಟ್ಟರೆ ಅದು ಅನುಮತಿಸಲಾದ ಕೊನೆಯ ಅಂಚು.

ತಪಾಸಣೆಯ ದಿನ ಮಾತ್ರ ಪಂಪಿನ ತಿರುಪನ್ನು ಇಳಿಸಿ, ಪ್ರಮಾಣಪತ್ರ ಪಡೆದು, ಮರುದಿನ ಮತ್ತೆ ಏರಿಸುವವರೂ ಇದ್ದಾರೆ. ಇದರಿಂದ ಕಾಗದವೊಂದು ದೊರೆಯಬಹುದು. ಎಂಜಿನ್ನಿನ ದೋಷ ಹಾಗೆಯೇ ಉಳಿಯುತ್ತದೆ. ವಾಹನವು ಅನುತ್ತೀರ್ಣವಾದಲ್ಲಿ ಕಾರಣವನ್ನು ನಮೂದಿಸಿದ ನಿರಾಕರಣಾ ಚೀಟಿ ನೀಡುವ ವ್ಯವಸ್ಥೆಯನ್ನು 2021ರಲ್ಲಿ ಜಾರಿಗೆ ತರಲಾಯಿತು. ಈ ಚೀಟಿಯನ್ನು ಅವಮಾನವೆಂದು ಬಗೆಯದೆ ವೈದ್ಯರ ವರದಿಯಂತೆ ಮೆಕ್ಯಾನಿಕ್‌ಗೆ ತೋರಿಸುವುದು ಜಾಣತನ.

ಹೊಸ ಲಾರಿಗಳಲ್ಲಿ ವಿಶೇಷ ಎಚ್ಚರಿಕೆ

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದಿತು. ಡೀಸೆಲ್‌ನಲ್ಲಿರುವ ಗಂಧಕದ ಪ್ರಮಾಣವನ್ನು ಹತ್ತು ಲಕ್ಷ ಭಾಗಗಳಲ್ಲಿ 50ರಿಂದ 10 ಭಾಗಗಳಿಗೆ ಇಳಿಸಲಾಯಿತು. ಈ ಲಾರಿಗಳ ಹೊಗೆಕೊಳವೆಯು ಕೇವಲ ಕೊಳವೆಯಾಗಿರದೆ ಒಂದು ಚಿಕ್ಕ ರಾಸಾಯನಿಕ ಕಾರ್ಖಾನೆಯೇ ಆಗಿದೆ. ಕಣಶೋಧಕವು ಮಸಿಯನ್ನು ಹಿಡಿದಿಟ್ಟು ಹೆಚ್ಚಿನ ಶಾಖದಲ್ಲಿ ಸುಡುತ್ತದೆ. ಶೇಕಡಾ 32.5ರಷ್ಟು ಯೂರಿಯಾ ಇರುವ ಶುದ್ಧ ದ್ರಾವಣವನ್ನು ಸಿಂಪಡಿಸಿ, ವೇಗವರ್ಧಕದ ನೆರವಿನಿಂದ ಸಾರಜನಕದ ಆಕ್ಸೈಡುಗಳನ್ನು ನಿರಪಾಯಕಾರಿಯಾದ ಸಾರಜನಕ ಹಾಗೂ ನೀರಾವಿಯಾಗಿ ಪರಿವರ್ತಿಸಲಾಗುತ್ತದೆ.

ಕಣಶೋಧಕ ಕಟ್ಟಿಕೊಂಡಿತೆಂದು ಅದನ್ನು ಕಿತ್ತುಹಾಕುವುದು, ಯೂರಿಯಾ ದ್ರಾವಣದ ಖರ್ಚು ಉಳಿಸಲೆಂದು ವಿದ್ಯುನ್ಮಾನ ಸಾಧನದಿಂದ ಗಣಕವನ್ನು ವಂಚಿಸುವುದು ಗಂಭೀರ ತಪ್ಪು. ಸಾರಜನಕದ ಆಕ್ಸೈಡುಗಳು ಕಪ್ಪು ಹೊಗೆಯಂತೆ ಕಣ್ಣಿಗೆ ಕಾಣುವುದಿಲ್ಲ. ಹೊಗೆಸಾಂದ್ರತೆಯ ಪರೀಕ್ಷೆಯು ಅವುಗಳನ್ನು ಅಳೆಯುವುದೂ ಇಲ್ಲ. ಆದುದರಿಂದ ತಪಾಸಣೆಯಲ್ಲಿ ಉತ್ತೀರ್ಣವಾದ ಮಾತ್ರಕ್ಕೆ ವಾಹನ ಶುದ್ಧವೆಂದು ಹೇಳಲಾಗದು. ಹೊಲಕ್ಕೆ ಹಾಕುವ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಬಳಸುವುದೂ ಸಲ್ಲದು. ಅದರಲ್ಲಿರುವ ಬೇವಿನ ಲೇಪನ ಮತ್ತು ಕಲ್ಮಶಗಳಿಂದ ದುಬಾರಿ ವೇಗವರ್ಧಕ ಹಾಳಾಗುತ್ತದೆ.

ಯಾವ ಸುಧಾರಣೆ ಯೋಗ್ಯ?

ವಾಹನದ ಮಾಲೀಕರು ಕೆಳಗಿನ ಅಂಶಗಳನ್ನು ಪಾಲಿಸುವುದು ಒಳಿತು.

1. ಮೊದಲು ಗಾಳಿ, ನಂತರ ಇಂಧನ, ಕೊನೆಗೆ ಕೊಳವೆ ಎಂಬ ಕ್ರಮದಲ್ಲಿ ಪರೀಕ್ಷಿಸಬೇಕು. ಏರ್ ಫಿಲ್ಟರನ್ನು ಸಕಾಲದಲ್ಲಿ ಬದಲಿಸಿ, ಇಂಜೆಕ್ಟರ್ ಹಾಗೂ ಪಂಪುಗಳನ್ನು ನುರಿತವರಿಂದ ಹದಗೊಳಿಸಬೇಕು.

2. ತುಕ್ಕು ಹಿಡಿದ ಅಥವಾ ಒಡೆದ ಸೈಲೆನ್ಸರಿಗೆ ಬದಲಾಗಿ ತಯಾರಕರು ನಿಗದಿಪಡಿಸಿದ ಅಳತೆಯ ಭಾಗವನ್ನೇ ಅಳವಡಿಸಬೇಕು. ಹೊಗೆಕೊಳವೆಯು ಇಂಧನ ನಾಳದಿಂದ 35 ಮಿಲಿಮೀಟರಿಗಿಂತ ಸಮೀಪದಲ್ಲಿರಬಾರದು.

3. ಕಣಶೋಧಕದ ಎಚ್ಚರಿಕೆಯ ದೀಪ ಬೆಳಗಿದಾಗ ಅಲಕ್ಷಿಸದೆ ಶುದ್ಧೀಕರಣ ಕ್ರಿಯೆ ಪೂರ್ಣಗೊಳ್ಳಲು ಬಿಡಬೇಕು. ತಯಾರಕರು ಸೂಚಿಸಿದ, ಕಡಿಮೆ ಬೂದಿ ಉಳಿಸುವ ಎಂಜಿನ್ ಎಣ್ಣೆಯನ್ನೇ ಬಳಸಬೇಕು.

4. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ತರುವ ಯಾವುದೇ ಮಾರ್ಪಾಡಿಗೆ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ವಿಚಾರಿಸಬೇಕು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಬಳಿಕ, ನಿಯಮಬಾಹಿರ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ವಾಯುಮಾಲಿನ್ಯ ಮತ್ತು ಶಬ್ದದ ಮಾನದಂಡಗಳನ್ನು ಉಲ್ಲಂಘಿಸಿದರೆ ಮೊದಲನೆಯ ಅಪರಾಧಕ್ಕೆ ದಂಡದ ಮೊತ್ತ 10,000 ರೂಪಾಯಿಗಳವರೆಗೆ ಇರಬಹುದು. ಮೂರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಒಂದೇ ಲಾರಿಯನ್ನು ನೆಚ್ಚಿ ಬದುಕುವ ಕುಟುಂಬಕ್ಕೆ ವಾಹನ ಕೆಲವು ದಿನ ನಿಂತರೂ ಅದು ಭಾರಿ ಪೆಟ್ಟೇ ಸರಿ.

ದಂಡದ ಭಯಕ್ಕಿಂತ ಮಿಗಿಲಾದ ಕಾರಣವೂ ಉಂಟು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಘೋಷಿಸಿತು. ಈ ಹೊಗೆಯನ್ನು ಅತಿ ಹೆಚ್ಚು ಕಾಲ, ಅತಿ ಸಮೀಪದಿಂದ ಉಸಿರಾಡುವವರಲ್ಲಿ ಚಾಲಕ, ಕ್ಲೀನರ್ ಮತ್ತು ಮೆಕ್ಯಾನಿಕ್‌ಗಳೇ ಮೊದಲಿಗರು. ಎಂಜಿನ್ನನ್ನು ಸುಸ್ಥಿತಿಯಲ್ಲಿಟ್ಟ ಮಾಲೀಕನು ಡೀಸೆಲನ್ನೂ ಉಳಿಸುತ್ತಾನೆ, ತನ್ನವರ ಆರೋಗ್ಯವನ್ನೂ ಕಾಯುತ್ತಾನೆ. ಅಂತಹ ವಾಹನಕ್ಕೆ ತಪಾಸಣೆಯ ದಿನವೆಂಬುದು ಬೇರೆಯಾಗಿ ಇರುವುದಿಲ್ಲ.