ಎಂಜಿನ್ ಬಿಚ್ಚುವ ಮುನ್ನ: ಕಾರು ಮಾಲೀಕರ ಹಕ್ಕುಗಳು

ಕಾರು ಏರು ಹತ್ತುವಾಗ ಜಗ್ಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಒಯ್ದರೆ, ‘ಮಿಸ್ಸಿಂಗ್ ಇದೆ ಸರ್, ಎಂಜಿನ್ ಬಿಚ್ಚಬೇಕಾಗುತ್ತೆ’ ಎಂಬ ಉತ್ತರ. ಮಾಲೀಕರು ಬಾಯಿಮಾತಿನಲ್ಲೇ ಒಪ್ಪಿ ಬರುತ್ತಾರೆ. ವಾರ ಕಳೆದು ಹತ್ತಾರು ಸಾವಿರದ ಬಿಲ್ ಕಟ್ಟಿ ಕಾರು ತಂದರೆ, ಮಿಸ್ಸಿಂಗ್ ಮೊದಲಿನಂತೆಯೇ ಇರುತ್ತದೆ.

ಇಂಥ ಗ್ರಾಹಕರಿಗೆ ಕಾನೂನಿನ ರಕ್ಷಣೆ ಖಂಡಿತ ಇದೆ. ಆದರೆ ಗ್ರಾಹಕ ಆಯೋಗದ ಮುಂದೆ ದೋಷವನ್ನು ಸಾಬೀತುಪಡಿಸುವ ಹೊಣೆ ಮೊದಲಿಗೆ ದೂರುದಾರರದ್ದೇ. ಎಂಜಿನ್ ಒಮ್ಮೆ ಬಿಚ್ಚಿದ ಮೇಲೆ ಮೊದಲು ಅದರ ಸ್ಥಿತಿ ಹೇಗಿತ್ತು ಎಂದು ತೋರಿಸುವುದು ಬಹಳ ಕಷ್ಟ. ಆದ್ದರಿಂದ ಬಿಚ್ಚುವ ಮುನ್ನ ನಡೆದ ತಪಾಸಣೆಯ ಲಿಖಿತ ವರದಿಯೇ ಗ್ರಾಹಕರ ಅತ್ಯಂತ ಬಲವಾದ ದಾಖಲೆ.

ತಪಾಸಣೆಯ ಸರಿಯಾದ ಕ್ರಮ

ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಹದವಾದ ಗಾಳಿ–ಇಂಧನ, ಸಮಯಕ್ಕೆ ಸರಿಯಾದ ಕಿಡಿ ಮತ್ತು ಸಾಕಷ್ಟು ಕಂಪ್ರೆಷನ್ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುವುದಿಲ್ಲ; ಇದೇ ಮಿಸ್ಸಿಂಗ್. ಸವೆದ ಸ್ಪಾರ್ಕ್ ಪ್ಲಗ್, ಕೆಟ್ಟ ಇಗ್ನಿಷನ್ ಕಾಯಿಲ್, ಕಟ್ಟಿಕೊಂಡ ಇಂಜೆಕ್ಟರ್, ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್, ಕಲಬೆರಕೆ ಪೆಟ್ರೋಲ್ – ಇವೆಲ್ಲ ಎಂಜಿನ್ ಬಿಚ್ಚದೆ ಪತ್ತೆಹಚ್ಚಬಹುದಾದ ಕಾರಣಗಳು. ಸುಟ್ಟ ವಾಲ್ವ್, ಒಡೆದ ಹೆಡ್ ಗ್ಯಾಸ್ಕೆಟ್, ಸವೆದ ಪಿಸ್ಟನ್ ರಿಂಗ್ ಮಾತ್ರ ದೊಡ್ಡ ಕೆಲಸ.

ಇಂದಿನ ಕಾರುಗಳಲ್ಲಿ ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಓಬಿಡಿ ಪೋರ್ಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ದೋಷದ ಕೋಡ್ ಸಿಗುತ್ತದೆ. ಪಿ0300 ಎಂದರೆ ಹಲವು ಸಿಲಿಂಡರುಗಳಲ್ಲಿ ಅಥವಾ ಅನಿಶ್ಚಿತವಾಗಿ ಮಿಸ್ಸಿಂಗ್. ಪಿ0301ರಿಂದ ಪಿ0304ರವರೆಗಿನ ಕೋಡ್‌ಗಳು ಒಂದರಿಂದ ನಾಲ್ಕನೇ ಸಿಲಿಂಡರನ್ನು ಸೂಚಿಸುತ್ತವೆ. ಕೋಡ್ ಹೇಳುವುದು ಯಾವ ಸಿಲಿಂಡರ್ ಎಂಬುದನ್ನಷ್ಟೇ. ಯಾವ ಬಿಡಿಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ.

ಮುಂದಿನ ಪರೀಕ್ಷೆ ಸರಳ. ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಇದ್ದರೆ ಅದರ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದರ ಕಾಯಿಲನ್ನು ಎರಡನೆಯದಕ್ಕೂ ಹಾಕಿ ಎಂಜಿನ್ ಓಡಿಸಬೇಕು. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲೇ ಕೆಟ್ಟಿದೆ. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ವ್ಯಾಕ್ಯೂಮ್ ಸೋರಿಕೆಯನ್ನು ಒಂದೊಂದಾಗಿ ನೋಡಬೇಕು. ಎಲ್ಲವೂ ಸರಿಯಿದ್ದರೆ ಕಂಪ್ರೆಷನ್ ಪರೀಕ್ಷೆ. ಒಂದು ಸಿಲಿಂಡರಿನ ರೀಡಿಂಗ್ ಉಳಿದವುಗಳಿಗಿಂತ ಬಹಳ ಕಡಿಮೆ ಬಂದರೆ ಲೀಕ್‌ಡೌನ್ ಪರೀಕ್ಷೆ ಮಾಡಿ, ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ತಿಳಿಯಬಹುದು. ‘ಎಂಜಿನ್ ಬಿಚ್ಚಬೇಕು’ ಎಂಬ ಮಾತಿಗೆ ಆಧಾರ ಸಿಗುವುದು ಇಷ್ಟೆಲ್ಲ ಆದ ಮೇಲೆಯೇ. ಡೀಸೆಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಅಲ್ಲಿ ಇಂಜೆಕ್ಟರ್, ಇಂಧನ ಒತ್ತಡ ಮತ್ತು ಕಂಪ್ರೆಷನ್ ಮುಖ್ಯ.

ಒಂದು ಎಚ್ಚರಿಕೆ: ಎಂಜಿನ್ ದೀಪ ಮಿನುಗುತ್ತಿದ್ದರೆ ಕಾರು ಓಡಿಸಬೇಡಿ. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಆ ದುಬಾರಿ ಭಾಗವನ್ನೇ ಹಾಳುಮಾಡುತ್ತದೆ. ಟೋಯಿಂಗ್ ವಾಹನ ಕರೆಸುವುದೇ ಕ್ಷೇಮ.

ಕಾಯ್ದೆ ಏನು ಹೇಳುತ್ತದೆ?

ಹಣ ಪಡೆದು ಮಾಡುವ ರಿಪೇರಿ ‘ಗ್ರಾಹಕ ಸಂರಕ್ಷಣಾ ಕಾಯ್ದೆ, 2019’ರ ಅಡಿ ಸೇವೆ. ಸೇವೆಯ ಗುಣಮಟ್ಟದಲ್ಲಿ ಲೋಪವಿದ್ದರೆ ಅದು ಸೇವಾ ನ್ಯೂನತೆ. ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆಯೇ ಎಂದು ಕಲಂ 2(11) ಹೇಳುತ್ತದೆ.

ಕಲಂ 2(47) ಇನ್ನೂ ಮುಖ್ಯ. ಅಗತ್ಯವಿಲ್ಲದ ಸರಕು ಅಥವಾ ಸೇವೆ ಅಗತ್ಯವಿದೆ ಎಂದು ಸುಳ್ಳು ಹೇಳುವುದು, ಹಳೆಯ ಅಥವಾ ದುರಸ್ತಿ ಮಾಡಿದ ಬಿಡಿಭಾಗವನ್ನು ಹೊಸದೆಂದು ನಂಬಿಸುವುದು, ಬಿಲ್ ಕೊಡದಿರುವುದು – ಇವೆಲ್ಲ ಅನುಚಿತ ವ್ಯಾಪಾರ ಪದ್ಧತಿಗಳು. ಕಾಯಿಲ್ ಬದಲಿಸಿದರೆ ಸಾಕಾಗುವ ಕಡೆ, ತಿಳಿದೂ ತಿಳಿದೂ ಎಂಜಿನ್ ಹೆಡ್ ಬಿಚ್ಚುವ ಕೆಲಸ ಬೇಕೆಂದು ಹೇಳಿ ಹಣ ಪಡೆದರೆ ಅದು ಈ ಕಲಂನ ವ್ಯಾಪ್ತಿಗೆ ಬರುತ್ತದೆ.

ಗ್ಯಾರೇಜಿನಲ್ಲಿ ಮಾಡಬೇಕಾದದ್ದು

1. ಜಾಬ್ ಕಾರ್ಡ್ ಬರೆಸಿ. ದಿನಾಂಕ, ಓಡಿದ ಕಿಲೋಮೀಟರ್ ಮತ್ತು ತೊಂದರೆ ಯಾವಾಗ ಬರುತ್ತದೆ ಎಂಬ ನಿಮ್ಮ ವಿವರಣೆ ಅದರಲ್ಲಿರಲಿ.

2. ‘ತಪಾಸಣೆಗೆ ಮಾತ್ರ. ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಎಂಜಿನ್ ಬಿಚ್ಚಬಾರದು’ ಎಂದು ಜಾಬ್ ಕಾರ್ಡಿನಲ್ಲೇ ಬರೆದು ಸಹಿ ಮಾಡಿ. ತಪಾಸಣೆಯ ಶುಲ್ಕವನ್ನು ಮೊದಲೇ ಗೊತ್ತು ಮಾಡಿಕೊಂಡು, ಅದಕ್ಕೆ ಪ್ರತ್ಯೇಕ ಬಿಲ್ ಪಡೆಯಿರಿ. ಮೆಕ್ಯಾನಿಕ್‌ನ ಸಮಯಕ್ಕೂ ಕೌಶಲಕ್ಕೂ ಬೆಲೆ ಕೊಡುವುದು ನ್ಯಾಯ.

3. ಕೋಡ್‌ಗಳನ್ನು ಅಳಿಸುವ ಮುನ್ನ ಸ್ಕ್ಯಾನ್ ವರದಿಯ ಪ್ರಿಂಟ್ ಅಥವಾ ಫೋಟೊ ತೆಗೆದುಕೊಳ್ಳಿ. ಕಂಪ್ರೆಷನ್ ಪರೀಕ್ಷೆ ಮಾಡಿದ್ದರೆ ಪ್ರತಿ ಸಿಲಿಂಡರಿನ ರೀಡಿಂಗ್ ಬರೆಸಿಕೊಳ್ಳಿ.

4. ಬಿಡಿಭಾಗ ಮತ್ತು ಮಜೂರಿಯನ್ನು ಬೇರೆಬೇರೆಯಾಗಿ ತೋರಿಸಿದ ಎಸ್ಟಿಮೇಟ್ ಕೇಳಿ. ಅದನ್ನು ಮೀರುವ ಖರ್ಚಿಗೆ ಮತ್ತೆ ಒಪ್ಪಿಗೆ ಬೇಕೆಂದು ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದರೆ ಆ ಸಂದೇಶಗಳನ್ನು ಅಳಿಸಬೇಡಿ.

5. ತೆಗೆದ ಹಳೆಯ ಬಿಡಿಭಾಗಗಳನ್ನೂ ಹೊಸದರ ಖಾಲಿ ಪೆಟ್ಟಿಗೆಗಳನ್ನೂ ವಾಪಸ್ ಪಡೆಯುವುದಾಗಿ ಮೊದಲೇ ತಿಳಿಸಿ.

6. ದೊಡ್ಡ ಮೊತ್ತದ ಕೆಲಸವಾದರೆ ವರದಿ ಹಿಡಿದು ಇನ್ನೊಂದು ಗ್ಯಾರೇಜಿನ ಅಭಿಪ್ರಾಯ ಕೇಳಿ.

ಪೆಟ್ರೋಲ್ ಹಾಕಿಸಿದ ಕೂಡಲೇ ಮಿಸ್ಸಿಂಗ್ ಶುರುವಾಗಿದ್ದರೆ ಬಂಕಿನ ರಸೀದಿ ಜೋಪಾನವಾಗಿಡಿ. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ.

ವಾರಂಟಿ ಇರುವ ಕಾರನ್ನು ಮೊದಲು ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಒಯ್ದು, ದೂರನ್ನು ಲಿಖಿತವಾಗಿ ದಾಖಲಿಸಿ. ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ದೊರಕಿಸಬೇಕೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಆದೇಶಿಸಿತ್ತು. ಅದರ ವಿರುದ್ಧ ಮೇಲ್ಮನವಿಗಳು ನಡೆದಿರುವುದರಿಂದ, ಆ ಆದೇಶವೊಂದನ್ನೇ ನಂಬಿ ವಾರಂಟಿ ಅವಧಿಯಲ್ಲಿ ಹೊರಗೆ ಎಂಜಿನ್ ಬಿಚ್ಚಿಸಬೇಡಿ.

ಕಾರು ಬಿಟ್ಟುಕೊಡದಿದ್ದರೆ?

‘ಭಾರತೀಯ ಕರಾರು ಕಾಯ್ದೆ, 1872’ರ ಕಲಂ 170ರಂತೆ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಬಳಸಿ ಕೆಲಸ ಮುಗಿಸಿದವರು, ತಮಗೆ ಸಲ್ಲಬೇಕಾದ ಹಣ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಇದು ಮೆಕ್ಯಾನಿಕ್‌ಗೆ ಇರುವ ನ್ಯಾಯಯುತ ಹಕ್ಕು. ಆದರೆ ಅದಕ್ಕೆ ಮಿತಿಯಿದೆ: ಕೆಲಸ ಒಪ್ಪಿಸಿದ ಉದ್ದೇಶಕ್ಕೆ ತಕ್ಕಂತೆ ನಡೆದಿರಬೇಕು. ತಪಾಸಣೆಗೆಂದು ಬಿಟ್ಟ ಕಾರಿನ ಎಂಜಿನ್ ಬಿಚ್ಚಿ ಬಿಲ್ ಮಾಡಿದರೆ ಆ ಬೇಡಿಕೆಯನ್ನು ನೀವು ಪ್ರಶ್ನಿಸಬಹುದು. ಕಾರು ತಮ್ಮ ವಶದಲ್ಲಿರುವಷ್ಟು ದಿನ ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯಂತೆ ಕಾಳಜಿ ವಹಿಸುವುದು ಕಲಂ 151ರ ಪ್ರಕಾರ ಗ್ಯಾರೇಜಿನ ಹೊಣೆ.

ಜಗಳವಾಡಿ ಕಾರನ್ನು ತಿಂಗಳುಗಟ್ಟಲೆ ಅಲ್ಲೇ ಬಿಡುವುದರಿಂದ ನಷ್ಟ ನಿಮಗೇ. ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ’ ಎಂದು ಬಿಲ್ಲಿನ ಮೇಲೆ ಬರೆದು, ಅದರ ಫೋಟೊ ತೆಗೆದು, ಹಣ ಕಟ್ಟಿ ಕಾರು ಬಿಡಿಸಿಕೊಂಡು ಬಂದು ನಂತರ ದೂರು ಕೊಡಬಹುದು.

ದೂರು ಸಲ್ಲಿಸುವ ಬಗೆ

ಮೊದಲು ಗ್ಯಾರೇಜಿಗೆ ಲಿಖಿತ ನೋಟಿಸ್ ಕೊಟ್ಟು, ಸರಿಪಡಿಸಲು ಅಥವಾ ಹಣ ಮರಳಿಸಲು ಗಡುವು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಹಲವು ದೂರುಗಳು ಈ ಹಂತದಲ್ಲೇ ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಿ. ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನ ಗ್ಯಾರೇಜಿನ ವಿರುದ್ಧ ಹಾಸನದ ನಿವಾಸಿ ಹಾಸನದಲ್ಲೇ ದೂರು ಸಲ್ಲಿಸಲು ಅಡ್ಡಿಯಿಲ್ಲ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ–ಜಾಗೃತಿ ಪೋರ್ಟಲ್ ಮೂಲಕ ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು.

ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಹಾಕಿದ ಬಿಡಿಭಾಗದಲ್ಲೇ ದೋಷವಿದೆ ಎಂಬ ದೂರಾದರೆ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಕಲಂ 38ರಲ್ಲಿ ಅವಕಾಶವಿದೆ. ಆರೋಪ ಸಾಬೀತಾದರೆ ಹಣ ವಾಪಸು, ನ್ಯೂನತೆಯ ನಿವಾರಣೆ, ಪರಿಹಾರ ಮತ್ತು ವ್ಯಾಜ್ಯದ ಖರ್ಚನ್ನು ಆಯೋಗ ಕೊಡಿಸಬಹುದು.

ಪ್ರಾಮಾಣಿಕ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬರಹದಲ್ಲಿರುವ ಜಾಬ್ ಕಾರ್ಡ್ ಅವರನ್ನೂ ಸುಳ್ಳು ಆರೋಪದಿಂದ ಕಾಪಾಡುತ್ತದೆ. ಆದ್ದರಿಂದ ಸಂಕೋಚ ಬೇಡ. ಎಂಜಿನ್ ಬಿಚ್ಚಲು ಒಪ್ಪುವ ಮುನ್ನ ಸ್ಕ್ಯಾನ್ ವರದಿ, ಕಂಪ್ರೆಷನ್ ರೀಡಿಂಗ್ ಮತ್ತು ಲಿಖಿತ ಎಸ್ಟಿಮೇಟ್ – ಈ ಮೂರನ್ನೂ ಕೇಳಿ ಪಡೆಯಿರಿ. ಅವು ಕೈಗೆ ಬರುವವರೆಗೆ ಒಪ್ಪಿಗೆಯ ಸಹಿ ಹಾಕಬೇಡಿ.