ಕೊಡಗಳ ಲೆಕ್ಕ

ಮಕ್ಕಳೇ, ನಮ್ಮ ಕೇರಿಯ ಸಮೀಕ್ಷೆ ನಾವೇ ಮಾಡ್ತೀವಿ ಅಂತ ನೀವು ನೋಟ್‌ಬುಕ್ಕು ಹಿಡಿದು ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ವರ್ಷ ಹೊರಗಿನವರು ಬಂದು ನಮ್ಮನ್ನು ಎಣಿಸಿಕೊಂಡು ಹೋದರು. ಏನು ಬರೆದುಕೊಂಡೆವು ಅಂತ ತಿರುಗಿ ಬಂದು ಹೇಳಿದವರನ್ನು ನಾನು ಕಾಣೆ. ನೀವು ಹಾಗೆ ಮಾಡಬೇಡಿ.

"ನೀರಿನ ತೊಂದರೆ ಇದೆಯಾ?" ಅಂದರೆ ಎಲ್ಲರೂ "ಇದೆ" ಅಂತಾರೆ. ಅಷ್ಟಕ್ಕೆ ಪಂಚಾಯಿತಿ ಅಲುಗಾಡುವುದಿಲ್ಲ. ಬೆಳಿಗ್ಗೆ ನಲ್ಲಿ ಹತ್ತಿರ ನಿಂತುಕೊಳ್ಳಿ. ನೀರು ಬಿಟ್ಟದ್ದು ಎಷ್ಟು ಗಂಟೆಗೆ, ಒಂದು ಕೊಡ ತುಂಬಲು ಎಷ್ಟು ನಿಮಿಷ, ಸಾಲಿನಲ್ಲಿ ಹುಡುಗಿಯರೆಷ್ಟು, ಯೂನಿಫಾರ್ಮಿನಲ್ಲೇ ನಿಂತವರೆಷ್ಟು, ಎಲ್ಲ ಬರೆಯಿರಿ. ಒಂದು ವಾರ ಬಿಡದೆ ಬರೆಯಿರಿ. ಶಾಲೆಯಲ್ಲಿ ಮೊದಲ ಪೀರಿಯಡ್ ಯಾರಿಗೆ ತಪ್ಪುತ್ತಿದೆ ಅನ್ನುವುದನ್ನು ಅದರ ಪಕ್ಕ ಇಟ್ಟು ನೋಡಿ.

ಶಾಲೆ ಬಿಟ್ಟವಳನ್ನು "ಯಾಕೆ ಬಿಟ್ಟೆ?" ಅಂತ ಕೇಳಬೇಡಿ, ಬೈದಂತಾಗುತ್ತದೆ, ತಲೆ ತಗ್ಗಿಸುತ್ತಾಳೆ. "ಮೊದಲ ಸಲ ತಪ್ಪಿಸಿದ್ದು ಯಾವತ್ತು?" ಅಂತ ಕೇಳಿ. ಹತ್ತಿ ಬಿಡಿಸುವ ಕಾಲ, ತಮ್ಮನಿಗೆ ಜ್ವರ ಬಂದ ದಿನ, ಬಾಗಿಲಿಲ್ಲದ ಶೌಚಾಲಯದ ಶಾಲೆಯಲ್ಲಿ ಮುಟ್ಟಾದ ದಿನ. ಮಾತು ತಾನಾಗಿ ಹೊರಬರುತ್ತದೆ.

ಸಾಲ, ಕುಡಿತ, ಮನೆಯ ಜಗಳ ಕಿವಿಗೆ ಬಿದ್ದರೆ ಹೆಸರು ಬರೆಯಬೇಡಿ. ನಮ್ಮವರು ನಂಬಿ ಹೇಳಿರುತ್ತಾರೆ. ಆದರೆ 18 ತುಂಬದ ಹುಡುಗಿಗೆ ಮದುವೆ ಗೊತ್ತಾಗಿದೆ ಅಂತ ತಿಳಿದರೆ ಸಮೀಕ್ಷೆ ಮುಗಿಯಲಿ ಅಂತ ಕಾಯಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ನಂಬಿಕೆಯ ದೊಡ್ಡವರೊಬ್ಬರನ್ನು ಕರೆಯಿರಿ. ನೀವೇ ಆ ಮನೆಗೆ ಹೋಗಿ ಜಗಳಕ್ಕೆ ನಿಲ್ಲಬೇಡಿ.

ಈ ಸಮೀಕ್ಷೆ ನಿಮ್ಮ ವಯಸ್ಸಿಗೆ ಮೀರಿದ ಕೆಲಸವೇನಲ್ಲ. ನಮ್ಮ ರಾಜ್ಯದ ದುಡಿಯುವ ಮಕ್ಕಳು 1990ರಲ್ಲೇ ಭೀಮ ಸಂಘ ಕಟ್ಟಿಕೊಂಡರು. ಕುಂದಾಪುರದ ಕಡೆ 1995ರಿಂದ ಮಕ್ಕಳ ಪಂಚಾಯಿತಿಗಳು ಶುರುವಾದವು. ಆ ಮಕ್ಕಳು ಊರಿನ ಲೆಕ್ಕ ತಾವೇ ತೆಗೆದು ದೊಡ್ಡವರ ಮುಂದಿಟ್ಟರು. ಈಗ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಕರೆಯಬೇಕು. ಅಲ್ಲಿ ನಿಮ್ಮ ನೋಟ್‌ಬುಕ್ಕು ಬಿಚ್ಚಿ. ಬೇಡಿಕೆಯನ್ನು ಬರಹದಲ್ಲೇ ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಅದಕ್ಕೂ ಮೊದಲು ಒಂದು ಸಂಜೆ ಕೇರಿಯವರನ್ನೆಲ್ಲ ಕಟ್ಟೆಗೆ ಕರೆದು, ಬರೆದದ್ದನ್ನು ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಓದು ಬಾರದ ಅಜ್ಜಿಗೂ ತನ್ನ ಕೊಡದ ಲೆಕ್ಕ ಚೆನ್ನಾಗಿ ಗೊತ್ತು. ನಾಳೆ ನೀರು ಬಿಡುವ ಮುಂಚೆಯೇ ನಲ್ಲಿ ಹತ್ತಿರ ಹೋಗಿ ನಿಲ್ಲಿ, ಕೈಗಡಿಯಾರ ನನ್ನದು ತೆಗೆದುಕೊಂಡು ಹೋಗಿ.