ರೋಟವೇಟರಿನ ಶಾಫ್ಟ್ ಉದ್ದವಾದರೆ ಕತ್ತರಿಸುವ ಕ್ರಮ

ರಾಗಿ ಹೊಲ ಹದಗೊಳಿಸಲು ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರೈತರು ಈಗ ರೋಟವೇಟರನ್ನು ಹೆಚ್ಚಾಗಿ ಬಳಸುತ್ತಾರೆ. ಒಂದು ಟ್ರ್ಯಾಕ್ಟರಿಗೆಂದು ಕೊಂಡ ರೋಟವೇಟರನ್ನು ಇನ್ನೊಂದು ಕಂಪನಿಯ ಟ್ರ್ಯಾಕ್ಟರಿಗೆ ಕಟ್ಟಿದಾಗ ಪಿ.ಟಿ.ಓ. ಶಾಫ್ಟ್ ಉದ್ದವಾಗುವುದುಂಟು. ಬಲವಂತದಿಂದ ಕೂರಿಸಿದರೆ ಲಿಫ್ಟ್ ಏರಿಳಿಯುವಾಗ ಶಾಫ್ಟಿನ ತುದಿ ಒಳಗೆ ತಗುಲಿ, ಎರಡೂ ಕಡೆಯ ಬೇರಿಂಗುಗಳನ್ನು ಒತ್ತುತ್ತದೆ. ಹೊಸ ಸೀಲು ಹಾಕಿಸಿದರೂ ಗೇರ್‌ಬಾಕ್ಸಿನಿಂದ ಎಣ್ಣೆ ಸೋರುತ್ತಿದ್ದರೆ ಶಾಫ್ಟಿನ ಉದ್ದವನ್ನೂ ನೋಡಬೇಕು.

ಕಾರು, ಜೀಪುಗಳ ಪ್ರೊಪೆಲ್ಲರ್ ಶಾಫ್ಟನ್ನು ಮನೆಯಲ್ಲಿ ಕತ್ತರಿಸಬಾರದು. ಅದು ಬಹಳ ವೇಗವಾಗಿ ತಿರುಗುವುದರಿಂದ ಲೇತಿನಲ್ಲಿ ನೇರಮಾಡಿ ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕಾಗುತ್ತದೆ. ಪಿ.ಟಿ.ಓ. ಶಾಫ್ಟ್ ಹಾಗಲ್ಲ. ಒಂದರೊಳಗೊಂದು ಜಾರುವ ಎರಡು ಭಾಗಗಳಿರುವುದರಿಂದ ಬೆಸುಗೆ ಇಲ್ಲದೆ ಆಕ್ಸಾ ಬ್ಲೇಡಿನಿಂದಲೇ ಗಿಡ್ಡ ಮಾಡಬಹುದು.

ಮೊದಲು ಶಾಫ್ಟ್ ಇಲ್ಲದೆ ರೋಟವೇಟರನ್ನು ಟ್ರ್ಯಾಕ್ಟರಿಗೆ ಕಟ್ಟಿ, ಲಿಫ್ಟನ್ನು ಏರಿಸಿ ಇಳಿಸಿ, ಎರಡೂ ತುದಿಗಳು ಅತಿ ಹತ್ತಿರ ಬರುವ ಮಟ್ಟ ಕಂಡುಕೊಳ್ಳಬೇಕು. ಆ ಮಟ್ಟದಲ್ಲಿ ರೋಟವೇಟರಿನ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದಿಟ್ಟುಕೊಳ್ಳಬೇಕು. ಶಾಫ್ಟನ್ನು ಬಿಡಿಸಿ ಅರ್ಧ ಭಾಗವನ್ನು ಟ್ರ್ಯಾಕ್ಟರಿಗೂ ಇನ್ನರ್ಧವನ್ನು ರೋಟವೇಟರಿಗೂ ಹಾಕಿ, ಎರಡನ್ನೂ ಅಕ್ಕಪಕ್ಕ ಹಿಡಿದು ಗುರುತು ಮಾಡಬೇಕು. ಪ್ರತಿ ಭಾಗದ ತುದಿಯೂ ಎದುರಿನ ಭಾಗದ ಬುಡಕ್ಕೆ ಮುಟ್ಟದೆ ಸುಮಾರು ಒಂದೂವರೆ ಇಂಚು ಹಿಂದೆ ನಿಲ್ಲಬೇಕು.

ಪ್ಲಾಸ್ಟಿಕ್ ಕವಚದಿಂದ ಎಷ್ಟು ಕತ್ತರಿಸಿದಿರೋ ಒಳಗಿನ ಕಬ್ಬಿಣದ ಕೊಳವೆಯಿಂದಲೂ ಅಷ್ಟನ್ನೇ ಕತ್ತರಿಸಿ. ಎರಡು ಭಾಗಗಳಲ್ಲೂ ಅಳತೆ ಸಮವಿರಲಿ. ಕತ್ತರಿಸಿದ ಅಂಚನ್ನು ಅರದಿಂದ ಒಳಗೂ ಹೊರಗೂ ಉಜ್ಜಿ, ಕಬ್ಬಿಣದ ಪುಡಿ ಒರೆಸಿ, ಗ್ರೀಸ್ ಹಚ್ಚಬೇಕು. ಪುಡಿ ಉಳಿದರೆ ಶಾಫ್ಟ್ ಸರಾಗವಾಗಿ ಜಾರುವುದಿಲ್ಲ. ಜೋಡಿಸುವಾಗ ಮಧ್ಯದ ಕೊಳವೆಗಳಿಗೆ ಸೇರಿದ ಎರಡು ಯೋಕುಗಳ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಚೌಕ ಶಾಫ್ಟುಗಳಲ್ಲಿ ಇದು ತಪ್ಪುವ ಸಂಭವ ಹೆಚ್ಚು. ತಪ್ಪಿದರೆ ಶಾಫ್ಟ್ ಅದುರಿ ಕ್ರಾಸ್ ಬೇಗ ಸವೆಯುತ್ತದೆ.

ಕೊನೆಗೆ ಎಂಜಿನ್ ಓಡುತ್ತಿದ್ದರೂ ಪಿ.ಟಿ.ಓ. ಹಾಕದೆಯೇ ಲಿಫ್ಟನ್ನು ಪೂರ್ತಿ ಏರಿಸಿ, ಇಳಿಸಿ ನೋಡಬೇಕು. ಶಾಫ್ಟ್ ಅತಿ ಉದ್ದಕ್ಕೆ ಎಳೆದಾಗಲೂ ಕೊಳವೆಯ ಮೂರನೇ ಒಂದು ಭಾಗದಷ್ಟಾದರೂ ಒಂದರೊಳಗೊಂದು ಸೇರಿರಬೇಕು. ಅದಕ್ಕಿಂತ ಕಡಿಮೆಯಾದರೆ ಹೊಸ ಕೊಳವೆ ಹಾಕಿಸಿ. ತುಂಡು ಬೆಸೆಯುವ ಉಳಿತಾಯ ಬೇಡ.

ಗಿಡ್ಡ ಮಾಡುವ ನೆಪದಲ್ಲಿ ಕೆಲವರು ಕವಚವನ್ನೇ ಕಿತ್ತೆಸೆಯುತ್ತಾರೆ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಚುಂಗು ಅಥವಾ ಹೆಗಲ ಮೇಲಿನ ವಸ್ತ್ರ ಸಿಕ್ಕಿದರೆ ಕೂಗಿ ಹೇಳುವಷ್ಟರಲ್ಲಿ ಮನುಷ್ಯನನ್ನೇ ಸುತ್ತಿಕೊಂಡಿರುತ್ತದೆ. ಕವಚವನ್ನು ಮರಳಿ ಹಾಕಿ, ಅದು ತಿರುಗದಂತೆ ಸರಪಳಿಯನ್ನು ಕೊಂಡಿಗೆ ಸಿಕ್ಕಿಸಿದ ಮೇಲೆಯೇ ಹೊಲಕ್ಕಿಳಿಯತಕ್ಕದ್ದು.